ಸರ್ವರ್ ಕೊಟ್ರೇಶ ಮತ್ತು ಹಡಗಲಿಯ ಗಂಗಮ್ಮ

ನಮ್ಮ ಒಕ್ಕೂಟಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಸರ್, ಇಷ್ಟು ಸಣ್ಣ ಕೆಲಸಕ್ಕ ನೀವು ಊರೂರು ತಿರುಗ್ತಿದ್ರಂತಲ್ರಿ, ಖರೇನ?" ಖರೆ. ಈಗ ಅವರು ಒಂದು ಸಾಲು ಟೈಪ್ ಮಾಡುತ್ತಾರೆ, ಎಂಟರ್ ಒತ್ತುತ್ತಾರೆ, ಒಂದು ಸಲ ಆಕಳಿಸುತ್ತಾರೆ. ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅದೇ ಕೆಲಸಕ್ಕಾಗಿ ನಾನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಡುವೆ ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ಸೊಂಟ ಸವೆಸಿದವನು. ಬಡ್ತಿ ಸಿಕ್ಕಿದ್ದು, ಸನ್ಮಾನದ ಶಾಲು ಹೊದ್ದದ್ದು ಯಾರಿಗೂ ಬೇಡ. ಕೆಲಸ ಹೇಗಿತ್ತು ಎಂಬುದನ್ನು ಮಾತ್ರ ಬರೆಯುತ್ತೇನೆ.

ಮೊದಲು ಆ ಕೆಲಸ ಏನೆಂದು ತಿಳಿಯಿರಿ. ಒಂದು ಕಂಪ್ಯೂಟರಿನಲ್ಲಿ ಮಾಹಿತಿಯೆಲ್ಲ ತುಂಬಿಟ್ಟಿರುತ್ತದೆ, ಅದು ಡೇಟಾಬೇಸ್. ಇನ್ನೊಂದು ಊರಿನ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂ "ಶೇಂಗಾ ಬೀಜ ಎಷ್ಟು ಚೀಲ ಇದೆ" ಎಂದು ಅದನ್ನು ಕೇಳಬೇಕು. ನೇರವಾಗಿ ಕೇಳಿದರೆ ಇದರ ಮಾತು ಅದಕ್ಕೆ ತಿಳಿಯದು. ಹೆಣ್ಣಿನ ಕಡೆಯವರಿಗೂ ಗಂಡಿನ ಕಡೆಯವರಿಗೂ ನಡುವೆ ಕೂತು ಮಾತು ದಾಟಿಸುವ ಹಿರಿಯರಿರುತ್ತಾರಲ್ಲ, ಹಾಗೆ ಇಲ್ಲೂ ಒಂದಿಷ್ಟು ಫೈಲುಗಳ ಗಂಟು ಬೇಕು. ಅದೇ ಕನೆಕ್ಟಿವಿಟಿ ಲೈಬ್ರರಿ. ಅದನ್ನು ಪ್ರತಿ ಯಂತ್ರದಲ್ಲೂ ಕೂರಿಸಬೇಕು. ಕೂರಿಸಿದ ಮೇಲೆ ಒಂದು ಸಣ್ಣ ಫೈಲಿನಲ್ಲಿ, ಮಾಹಿತಿ ಇರುವ ದೊಡ್ಡ ಯಂತ್ರದ ಹೆಸರೇನು ಎಂದು ಬರೆದು ಕೊಡಬೇಕು. ಇಷ್ಟೇ. ಕೇಳಲು ಸಲೀಸು.

ನಮ್ಮದು ಬೀಜ, ಗೊಬ್ಬರ ಮಾರುವ ಸಹಕಾರ ಸಂಘಗಳ ಒಂದು ಒಕ್ಕೂಟ. ಕೇಂದ್ರ ಕಚೇರಿ ಹರಪನಹಳ್ಳಿಯಲ್ಲಿ, ಉಳಿದ ನಾಲ್ಕು ಊರಲ್ಲಿ ಒಂದೊಂದು ಶಾಖೆ. ಒಂದೊಂದು ಊರಿನ ಆಡಳಿತ ಮಂಡಳಿಗೂ ಒಂದೊಂದು ಮರ್ಯಾದೆ. ಪಕ್ಕದ ಊರಿನವರು ಕೊಂಡ ಕಂಪ್ಯೂಟರನ್ನೇ ತಾವೂ ಕೊಂಡರೆ ಮುಖ ಎಲ್ಲಿಡುವುದು? ಹಾಗಾಗಿ ಕೂಡ್ಲಿಗಿಯವರು ಯುನಿಕ್ಸ್ ತಂದರು. ಕೊಟ್ಟೂರಿನವರು ವಿಂಡೋಸ್ ತೊಂಬತ್ತೈದು, ಹಗರಿಬೊಮ್ಮನಹಳ್ಳಿಯವರು ತೊಂಬತ್ತೆಂಟು. ಹಡಗಲಿಯವರು ಲಿನಕ್ಸ್ ಹಾಕಿಸಿದರು, ಏಕೆಂದರೆ ಅದರ ಸೀಡಿ ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದಿತ್ತು. ನಾಲ್ಕು ಊರಿಗೆ ನಾಲ್ಕು ಸಿಸ್ಟಂ, ನಾಲ್ಕಕ್ಕೂ ನಾನೊಬ್ಬನೇ. ನಮ್ಮಪ್ಪ ಹರಪನಹಳ್ಳಿಯಲ್ಲಿ ಪಂಪ್‌ಸೆಟ್ ಮೆಕ್ಯಾನಿಕ್ ಆಗಿದ್ದರು. ಅವರ ಮಗ ಮಾಬುಸಾಬ ಎಲ್ಲ ಮಷಿನ್ನನ್ನೂ ರಿಪೇರಿ ಮಾಡುತ್ತಾನೆ ಎಂದು ಊರೇ ನಂಬಿತ್ತು. ನಾನು ಮಾತ್ರ ನಂಬಿರಲಿಲ್ಲ.

ನನ್ನ ಮೇಲಧಿಕಾರಿ ವಿರೂಪಾಕ್ಷಪ್ಪನವರು. ಒಳ್ಳೆಯ ಮನುಷ್ಯ, ಕೊಟ್ಟೂರೇಶ್ವರನ ಪರಮ ಭಕ್ತ. ಹರಪನಹಳ್ಳಿಗೆ ದೊಡ್ಡ ಸರ್ವರ್ ಬಂದ ದಿನ ಅದಕ್ಕೊಂದು ಹೆಸರಿಡಬೇಕಾಯಿತು. ನಾನು "ಸರ್ವರ್ ಒನ್" ಅಂತ ಇಡೋಣ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಒನ್ನು, ಟೂ ಅಂತ ಯಾರಾದ್ರೂ ಹೆಸರಿಡ್ತಾರೇನ್ರೀ ಸಾಬ್ರೆ? ಕೊಟ್ರೇಶ ಅಂತ ಇಡ್ರಿ. ದೇವರ ಹೆಸರಿದ್ರೆ ಹ್ಯಾಂಗ್ ಆಗಲ್ಲ."

ಸರ್ವರ್ ಕೊಟ್ರೇಶ ಆಯಿತು. ವಾರದೊಳಗೆ ಹ್ಯಾಂಗೂ ಆಯಿತು, ಆ ಮಾತು ಬೇರೆ. ನಮ್ಮ ಕಡೆ ಸಂತೆಯಲ್ಲಿ ನಿಂತು "ಕೊಟ್ರೇಶಾ" ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಅಷ್ಟು ಜನ ಇದ್ದಾರೆ ಆ ಹೆಸರಿನವರು. ಇದರಿಂದ ಮುಂದೆ ಏನಾಗಬಹುದೆಂದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸದು. ಒಕ್ಕೂಟದ ಅಧ್ಯಕ್ಷರಾದ ಬಸವನಗೌಡರಿಗೆ ಈ ಕಂಪ್ಯೂಟರುಗಳ ಮೇಲೆ ಅನುಮಾನ. ಶಾಖೆಗಳಲ್ಲಿ ಅವುಗಳ ಮುಂದೆ ಕೂತವರೆಲ್ಲ ತಾತ್ಕಾಲಿಕ ಆಪರೇಟರುಗಳು. ಗೌಡರು ಸಭೆಯಲ್ಲಿ ಟೇಬಲ್ ಗುದ್ದಿ ಹೇಳಿಬಿಟ್ಟರು: ಒಂದು ಪರೀಕ್ಷೆ ಇಡುತ್ತೇನೆ, ಆ ದಿನ ಯಾವ ಶಾಖೆಯಲ್ಲಿ ಹರಪನಹಳ್ಳಿಯ ದಾಸ್ತಾನು ಪರದೆಯ ಮೇಲೆ ಬರುವುದಿಲ್ಲವೋ ಅಲ್ಲಿನ ಆಪರೇಟರ್ ಹುದ್ದೆ ರದ್ದು. ಬಂದ ಕಡೆ ಹುದ್ದೆ ಕಾಯಂ.

ಉಳಿದ ಮೂರು ಊರಿನ ಆಪರೇಟರುಗಳಿಗೆ ಹೊಲವೋ ಅಂಗಡಿಯೋ ಇತ್ತು. ಹಡಗಲಿಯ ಗಂಗಮ್ಮನಿಗೆ ಏನೂ ಇರಲಿಲ್ಲ. ಗಂಡ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದ. ಮದುವೆ ಮುಹೂರ್ತಗಳು ಮುಗಿದರೆ ಅವನ ವಾದ್ಯ ಗೂಟಕ್ಕೆ. ಮಾವ ದುರುಗಪ್ಪ ಅದೇ ಶಾಖೆಯಲ್ಲಿ ಜವಾನ, ನಿವೃತ್ತಿಗೆ ಹತ್ತಿರ. ಗಂಗಮ್ಮ ಟೈಪಿಂಗ್ ಕಲಿತು, ಮಾವನ ಹಿಂದೆ ಹೊಳೆದಂಡೆಯ ಮಾಗಳದಿಂದ ದಿನಾ ಬಂದು ಹೋಗಿ ಆ ಕುರ್ಚಿ ಹಿಡಿದಿದ್ದಳು. "ಈ ಕುರ್ಚಿ ಹೋದ್ರ ನಾನು ಮತ್ತ ಹೂ ಕಟ್ಟಾಕ ಹೋಗಬೇಕ್ರಿ ಸರ, ಮೊಳಕ್ಕ ಇಷ್ಟು ಅಂತ" ಎಂದು ನನಗೆ ನೇರವಾಗಿಯೇ ಹೇಳಿದ್ದಳು. ಅದು ನನ್ನ ಕಿವಿಯಲ್ಲೇ ಉಳಿದಿತ್ತು.

ನಾನು ಲೈಬ್ರರಿಯ ಸೀಡಿಗಳನ್ನು ಬ್ಯಾಗಿಗೆ ಹಾಕಿಕೊಂಡು ಊರೂರು ಹೊರಟೆ.

ಮೊದಲು ಕೊಟ್ಟೂರು. ಸೀಡಿ ಹಾಕಿದೆ, ಪರದೆಯ ಮೇಲೆ ಉದ್ದನೆಯ ಕರಾರು ಬಂತು, ಕೆಳಗೆ "ಒಪ್ಪುತ್ತೇನೆ", "ಒಪ್ಪುವುದಿಲ್ಲ" ಎಂಬ ಎರಡು ಗುಂಡಿ. ಲೋಕದ ಯಾವ ಮನುಷ್ಯನೂ ಅದನ್ನು ಓದುವುದಿಲ್ಲ. ನಾನು ಮೌಸ್ ಸರಿಸಿದೆ. ಶಾಖೆಯ ಕಾರ್ಯದರ್ಶಿ ಮರುಳಸಿದ್ದಪ್ಪ ನನ್ನ ಕೈ ಹಿಡಿದುಬಿಟ್ಟರು.

"ನಿಲ್ರಿ ಸಾಬ್ರ. ಒಪ್ಪೋದು ಯಾರು? ನೀವಾ, ಸಂಘಾನಾ?"

"ಯಾರಾದ್ರೇನ್ರಿ, ಒತ್ತಿದ್ರ ಮುಗೀತು."

"ಮುಗಿಯಂಗಿಲ್ಲ. ಸಂಘ ಒಪ್ಪಬೇಕಂದ್ರ ಠರಾವು ಆಗಬೇಕು. ಠರಾವು ಆಗಬೇಕಂದ್ರ ಕೋರಂ ಬೇಕು."

ನಾನು ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತಿದ್ದೇನೆ ಎಂಬುದನ್ನು ಮರೆತಿದ್ದೆ. ನಿರ್ದೇಶಕರಿಗೆ ಹೇಳಿ ಕಳಿಸಿದರು. ಒಬ್ಬೊಬ್ಬರೇ ಬಂದರು, ಮಂಡಕ್ಕಿ ಮಿರ್ಚಿ ಬಂತು, ನಾನು ಕರಾರನ್ನು ಕನ್ನಡ ಮಾಡಿ ಓದುತ್ತಾ ಹೋದೆ. ಈ ಸಾಫ್ಟ್‌ವೇರ್ ಹೇಗಿದೆಯೋ ಹಾಗೆ ಕೊಡಲಾಗಿದೆ, ಕೆಟ್ಟರೆ ನಾವು ಜವಾಬ್ದಾರರಲ್ಲ ಎಂಬಲ್ಲಿಗೆ ಬಂದಾಗ ಒಬ್ಬ ಹಿರಿಯ ನಿರ್ದೇಶಕರು ಮಿರ್ಚಿ ಕೆಳಗಿಟ್ಟರು.

"ಮಾಲು ಕೆಟ್ರ ನಾವು ಜವಾಬ್ದಾರಲ್ಲ ಅಂತ ಬರ್ದಾನ? ಈ ಮಾತು ಹೇಳಿ ನಾವು ಬೀಜ ಮಾರಿದ್ರ ಜನ ನಮ್ಮನ್ನ ಅಂಗಡ್ಯಾಗ ಕುಂದ್ರಾಕ ಬಿಡ್ತಾರೇನು? ನನ್ನ ವಿರೋಧ ಐತಿ."

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ಬಹುಮತದಿಂದ ಠರಾವು ಪಾಸಾಯಿತು, ನಾನು ನಿಟ್ಟುಸಿರು ಬಿಟ್ಟೆ. ಆಗ ಹಿರಿಯರು ಎದ್ದು ಬಂದು, "ವಿರೋಧ ಅಂದಮ್ಯಾಲ ದಾಖಲಾಗಬೇಕು" ಎನ್ನುತ್ತಾ ತಾವೇ ಮೌಸ್ ಹಿಡಿದು "ಒಪ್ಪುವುದಿಲ್ಲ" ಒತ್ತಿದರು. ಪರದೆ ಮುಚ್ಚಿಕೊಂಡಿತು. ಮತ್ತೆ ಮೊದಲಿನಿಂದ ಶುರು. ಎರಡನೇ ಸಲ ನಾನು ಹಿರಿಯರಿಗೂ ಮೌಸಿಗೂ ನಡುವೆ ಬೆನ್ನು ಕೊಟ್ಟು ಕೂತು "ಒಪ್ಪುತ್ತೇನೆ" ಒತ್ತಿದೆ. ಕೊಟ್ಟೂರು ಮುಗಿಯಿತು.

ಹಗರಿಬೊಮ್ಮನಹಳ್ಳಿಯಲ್ಲಿ ಕರಾರಿನ ಗೋಜಿರಲಿಲ್ಲ. ಅಲ್ಲಿನ ಆಪರೇಟರ್ ತಾನೇ ಎಲ್ಲ ಒತ್ತಿ ಮುಗಿಸಿ ನನಗೆ ಚಹಾ ತರಿಸಿದ. ಆದರೆ ಲೈಬ್ರರಿ ಮಾತ್ರ ಉಸಿರಾಡಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ನೀನು ಏನೇನು ಒತ್ತಿದೆ ಎಂದು ಅವನನ್ನು ಕೇಳಿದೆ. ನಡುವೆ ಯಂತ್ರ ಒಂದು ಪ್ರಶ್ನೆ ಕೇಳಿತ್ತಂತೆ: ಇದೇ ಹೆಸರಿನ ಹಳೆಯ ಫೈಲೊಂದು ಇಲ್ಲಿದೆ, ತೆಗೆದು ಹೊಸದನ್ನು ಹಾಕಲೇ?

"ಬ್ಯಾಡ ಅಂದೆ ಸರ. ಮೊದ್ಲು ಬಂದು ಕುಂತೈತಿ, ಅದನ್ನ ಎಬ್ಬಸೋದು ಯಾವ ನ್ಯಾಯ? ಬಸ್ಸಿನಾಗೂ ಟವೆಲ್ ಹಾಕಿದವಂದೇ ಸೀಟಲ್ರಿ."

ಯಂತ್ರ ಅಂಥದ್ದು ಐದಾರು ಸಲ ಕೇಳಿತ್ತು, ಇವನು ಪ್ರತಿ ಸಲವೂ ಹಳಬರ ಪರವಾಗಿ ನಿಂತಿದ್ದ. ಹೊಸ ಲೈಬ್ರರಿಯ ಅರ್ಧ ಫೈಲುಗಳು ನಿಲ್ದಾಣದಲ್ಲೇ ಉಳಿದಿದ್ದವು. ನಾನು ನಿರ್ದಯವಾಗಿ ಎಲ್ಲ ಟವೆಲ್ ಎತ್ತಿ ಎಸೆದೆ. ಅದು ಮುಗಿಯುವವರೆಗೂ ಅವನು ಮುಖ ಗಂಟಿಕ್ಕಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ.

ಕೂಡ್ಲಿಗಿಯ ಎಡವಟ್ಟು ಪೂರ್ತಿ ನನ್ನದು. ಯುನಿಕ್ಸಿನಲ್ಲಿ ಲೈಬ್ರರಿ ಹಾಕಿದ ಮೇಲೆ ಅದು ಎಲ್ಲಿದೆ ಎಂದು ಯಂತ್ರಕ್ಕೆ ದಾರಿ ತೋರಿಸಬೇಕು. ನಾನು ಆ ದಾರಿಯನ್ನು ನನ್ನ ಲಾಗಿನ್ನಿನಲ್ಲಿ ಬರೆದು ಬಂದಿದ್ದೆ. ಅಂದರೆ ನಾನು ಲಾಗಿನ್ ಆದರೆ ನಡೆಯುತ್ತದೆ, ಬೇರೆಯವರು ಆದರೆ ಇಲ್ಲ. ಅಲ್ಲಿನ ಆಪರೇಟರ್ ಹನುಮಂತಪ್ಪ, ಪೈಲ್ವಾನನಂಥ ಆಳು, ಗಲ್ಲದವರೆಗೆ ಮೀಸೆ. ಅವನು ತನ್ನದೇ ತೀರ್ಮಾನಕ್ಕೆ ಬಂದಿದ್ದ.

"ನೀವು ಕುಂತ್ರ ನಡೀತೈತ್ರಿ, ನೀವು ಎದ್ರ ನಿಂದ್ರತೈತಿ. ಇದಕ್ಕ ನಿಮ್ಮ ಹಂಬಲ ಹತ್ತೈತಿ ಸಾಬ್ರ. ನಿಮ್ಮ ಟೋಪಿ ಆದ್ರೂ ಇಟ್ಟು ಹೋಗ್ರಿ."

ಬಸ್ಸಿಗೆ ಹೊತ್ತಾಗಿತ್ತು, ವಾದ ಮಾಡಲು ಪುರುಸೊತ್ತಿರಲಿಲ್ಲ. ಬಿಸಿಲಿಗೆಂದು ಹಾಕಿಕೊಂಡಿದ್ದ ಟೋಪಿಯನ್ನು ನಗುತ್ತಾ ಮಾನಿಟರಿನ ಮೇಲಿಟ್ಟು ಬಂದೆ. ಮರುದಿನ ಫೋನು: "ಟೋಪಿಗೆ ಬಗ್ಗವಲ್ದ್ರಿ. ನೀವೇ ಬರ್ರಿ." ಬಸ್ಸಿನಲ್ಲಿ ಹೋಗುವಾಗ ಅರ್ಧ ದಾರಿಯಲ್ಲಿ ನನಗೆ ಕಾರಣ ಹೊಳೆಯಿತು. ಹೋಗಿ ಎಲ್ಲರಿಗೂ ಅನ್ವಯಿಸುವಂತೆ ದಾರಿ ಬರೆದೆ, ಹನುಮಂತಪ್ಪನ ಲಾಗಿನ್ನಿನಲ್ಲೂ ನಡೆಯಿತು. ಅವನು ಮಾತ್ರ ಇದು ಟೋಪಿಯದೇ ಪ್ರಭಾವ, ನಿಧಾನಕ್ಕೆ ಹತ್ತಿದೆ ಎಂದು ನಂಬಿ ಅದನ್ನು ನನಗೆ ವಾಪಸು ಕೊಡಲಿಲ್ಲ.

ಇನ್ನು ಹಡಗಲಿ. ಲಿನಕ್ಸಿನಲ್ಲಿ ಲೈಬ್ರರಿ ಹಾಕುವುದೆಂದರೆ ಒಬ್ಬರನ್ನು ಊಟಕ್ಕೆ ಕರೆದ ಹಾಗೆ. ಇದು ಬರಬೇಕಾದರೆ ಮೊದಲು ಅದು ಬರಬೇಕು, ಅದು ಬರಬೇಕಾದರೆ ಅದರ ಅಣ್ಣ ಬರಬೇಕು. ಎಲ್ಲರನ್ನೂ ಕರೆದು ಕೂರಿಸುವಷ್ಟರಲ್ಲಿ ಸಂಜೆಯಾಯಿತು. ಗಂಗಮ್ಮ ಪಕ್ಕದಲ್ಲೇ ಕೂತು ಪ್ರತಿ ಹೆಜ್ಜೆಯನ್ನೂ ಕಲಿತಳು. ಬೆರಳು ಚುರುಕು, ತಲೆ ಅದಕ್ಕಿಂತ ಚುರುಕು. ಕೊನೆಗೆ ಸಣ್ಣ ಫೈಲು ತೆರೆದು, ಸರ್ವರಿನ ಹೆಸರು ಬರೆಯುವ ಸಾಲಿಗೆ ಬಂದಾಗ ಕೀಬೋರ್ಡನ್ನು ನನ್ನ ಕಡೆ ತಳ್ಳಿದಳು.

"ಈ ಸಾಲು ನೀವೇ ಹೊಡೀರಿ ಸರ."

"ಯಾಕವ್ವ, ಕೊಟ್ರೇಶ ಅಂತ ಹೊಡಿ."

ಗಂಗಮ್ಮ ಸೆರಗು ಬಾಯಿಗೆ ಹಿಡಿದು ಬಾಗಿಲ ಕಡೆ ನೋಡಿದಳು. ಅಲ್ಲಿ ಸ್ಟೂಲಿನ ಮೇಲೆ ಮಾವ ದುರುಗಪ್ಪ ಕೂತಿದ್ದರು. ನನಗೆ ತಟ್ಟನೆ ಅರ್ಥವಾಯಿತು. ಅವಳ ಗಂಡನ ಹೆಸರೂ ಕೊಟ್ರೇಶನೇ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು, ಬರಿಯ ಹೆಸರನ್ನು ಬರೆಯುವುದು, ಅದೂ ಮಾವನ ಎದುರು, ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆಗದ ಮಾತು. ನಮ್ಮ ಮನೆಯೇನು ಬೇರೆಯೇ? ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ನಮ್ಮಮ್ಮ ನನ್ನನ್ನು ಮುಂದೆ ತಳ್ಳಿ, "ಇವನ ಅಪ್ಪಂದು" ಎನ್ನುತ್ತಿದ್ದಳು. ನಾನು ಮಾತಾಡದೆ ಆ ಸಾಲನ್ನು ಹೊಡೆದೆ. ಹರಪನಹಳ್ಳಿಯ ದಾಸ್ತಾನು ಪರದೆಯ ಮೇಲೆ ಬಂತು. ಗಂಗಮ್ಮ ಕೈ ಮುಗಿದಳು.

ಊರಿಗೆ ಬಂದು ವಿರೂಪಾಕ್ಷಪ್ಪನವರಿಗೆ ವಿಷಯ ತಿಳಿಸಿ, ಸರ್ವರಿನ ಹೆಸರು ಬದಲಿಸೋಣವೇ ಎಂದು ಕೇಳಿದೆ. "ಒಬ್ರ ಮನೆಯವರ ಹೆಸರು ಅಂತ ದೇವರನ್ನ ಬದಲ್ಸಕ್ಕಾಗುತ್ತೇನ್ರೀ?" ಎಂದು ನನ್ನನ್ನೇ ಗದರಿದರು.

ಪರೀಕ್ಷೆಗೆ ಎರಡು ದಿನ ಇರುವಾಗ ಹಡಗಲಿಯಲ್ಲಿ ವೋಲ್ಟೇಜ್ ಏರಿ ಯಂತ್ರದ ಹಾರ್ಡ್ ಡಿಸ್ಕ್ ಸುಟ್ಟಿತು. ಮಾರಿದವನು ಹೊಸದು ಹಾಕಿ ಹೋದ. ಗಂಗಮ್ಮ ಎದೆಗುಂದದೆ ನಾನು ಬಿಟ್ಟು ಬಂದ ಸೀಡಿಗಳಿಂದ ಲೈಬ್ರರಿಯನ್ನು, ಅದರ ಅಣ್ಣತಮ್ಮಂದಿರ ಸಮೇತ, ಒಬ್ಬಳೇ ಕೂರಿಸಿದ್ದಳು. ಉಳಿದದ್ದು ಆ ಸಣ್ಣ ಫೈಲು ಮಾತ್ರ. ನಾನು ಹೋಗುವಂತಿರಲಿಲ್ಲ, ಪರೀಕ್ಷೆ ಮುಗಿಯುವವರೆಗೆ ಸರ್ವರ್ ಬಿಟ್ಟು ಕದಲಬಾರದು ಎಂದು ವಿರೂಪಾಕ್ಷಪ್ಪನವರ ಕಟ್ಟಪ್ಪಣೆ.

ಪರೀಕ್ಷೆಯ ದಿನ ಬೆಳಿಗ್ಗೆಯಿಂದ ಫೋನಿನಲ್ಲಿ ನಮ್ಮ ಹೋರಾಟ. ಶಾಖೆಗಳಲ್ಲಿ ಆಗ ಇದ್ದದ್ದು ಒಂದೇ ಫೋನ್ ಲೈನು. ಕಂಪ್ಯೂಟರ್ ಮಾತಾಡುವಾಗ ಮನುಷ್ಯರು ಬಾಯಿ ಮುಚ್ಚಬೇಕು, ಮನುಷ್ಯರು ಮಾತಾಡುವಾಗ ಕಂಪ್ಯೂಟರ್ ಸುಮ್ಮನಿರಬೇಕು. ಗಂಗಮ್ಮ ಫೋನ್ ಇಡುತ್ತಿದ್ದಳು, ಪ್ರಯತ್ನಿಸುತ್ತಿದ್ದಳು, ಮತ್ತೆ ಫೋನ್ ಮಾಡುತ್ತಿದ್ದಳು.

"ಆಗವಲ್ದ್ರಿ ಸರ."

"ಏನು ಬರಾಕತ್ತೈತಿ ಪರದೆ ಮ್ಯಾಲ?"

"ಅವರು ಯಾರೋ ಗೊತ್ತಿಲ್ಲ ಅನ್ನಾಕತ್ತೈತ್ರಿ. ಊರಿಗೆಲ್ಲ ಗೊತ್ತದಾರ, ಇದಕ್ಕ ಗೊತ್ತಿಲ್ಲಂತ!" ಅವಳ ದನಿಯಲ್ಲಿ ನಿಜವಾದ ಸಿಟ್ಟಿತ್ತು.

ಆ ಹೆಸರಿನ ಯಂತ್ರ ಸಿಗುತ್ತಿಲ್ಲ ಎಂದು ಅದರರ್ಥ. ಅಂದರೆ ಅವಳು ಹೆಸರಿನ ಸಾಲಿನಲ್ಲಿ ಏನೋ ಬೇರೆ ಹೊಡೆದಿದ್ದಾಳೆ.

"ಆ ಸಾಲಿನಾಗ ಏನು ಹೊಡ್ದಿ, ಓದವ್ವ."

"ಏನು ಹೊಡೀಬೇಕೋ ಅದನ್ನ ಹೊಡ್ದೀನ್ರಿ."

"ಒಂದೊಂದೇ ಅಕ್ಷರ ಓದು."

"ಕೂಡಿಸಿದ್ರ ಹೆಸರು ಆಕ್ಕೈತಲ್ರಿ ಸರ. ಮಾವಾರು ಇಲ್ಲೇ ಕುಂತಾರ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಗೋಡೆಯ ಮೇಲೆ ಗಡಿಯಾರ ಓಡುತ್ತಿತ್ತು, ಗೌಡರ ಜೀಪು ಬಂದು ನಿಂತ ಸದ್ದು ಬೇರೆ ಕೇಳಿಸಿತು. ಆಗ ಒಂದು ಉಪಾಯ ಹೊಳೆಯಿತು.

"ಹಿಂದಿನಿಂದ ಓದು. ಕೊನೇ ಅಕ್ಷರದಿಂದ. ಹಂಗ ಓದಿದ್ರ ಯಾರ ಹೆಸರೂ ಆಗಂಗಿಲ್ಲ."

ಆಕೆ ಯೋಚಿಸಿ ಒಪ್ಪಿದಳು. "ಯು... ಆರ್... ಎ... ವಿ..."

"ನಿಲ್ಲು, ನಿಲ್ಲು! ಕೊಟ್ರೇಶನ ಬಾಲದಾಗ ಯು ಎಲ್ಲಿಂದ ಬಂತು?"

ಅತ್ತ ಕಡೆಯಿಂದ ಮೆಲ್ಲಗೆ ಬಂತು, "ಅವರು ಅಂತ ಸೇರಿಸೀನ್ರಿ. ಬರೇ ಹೆಸರು ಹೆಂಗ ಬರಿಯೋದು?"

ಕೊಟ್ರೇಶ ಅವರು! ನನ್ನ ಜನ್ಮದಲ್ಲಿ ಸರ್ವರ್ ಒಂದಕ್ಕೆ ಇಷ್ಟು ಮರ್ಯಾದೆ ಕೊಟ್ಟವರನ್ನು ನಾನು ಕಂಡಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆ ಅವರು ತೆಗಿ ತಾಯಿ" ಎಂದೆ. ಆಗುವುದಿಲ್ಲ ಎಂದಳು. ಕುರ್ಚಿ ಹೋಗುತ್ತದೆ ಎಂದೆ. ಗೊತ್ತಿದೆ ಎಂದಳು. ಪಾಪ ಅನ್ನಿಸಿತು ನನಗೆ. ಹೂ ಕಟ್ಟುವ ಮಾತು ನೆನಪಾಯಿತು. ಗಂಡನ ಹೆಸರು ಹೇಳಲು ಹೆಣ್ಣುಮಕ್ಕಳಿಗೆ ನಮ್ಮ ಕಡೆ ಇರುವುದು ಒಂದೇ ದಾರಿ: ಒಡಪು. ಮದುವೆಯಲ್ಲಿ, ಸೀಮಂತದಲ್ಲಿ ಎಲ್ಲರೂ ಸುತ್ತುಗಟ್ಟಿ ಕಾಡುತ್ತಾರಲ್ಲ, ಆಗ ಪ್ರಾಸ ಕಟ್ಟಿ ಹಾಡಿನ ಕೊನೆಯಲ್ಲಿ ಹೆಸರು ಹೇಳುವುದು. ಹಾಗೆ ಹೇಳಿದರೆ ಯಾರೂ ತಪ್ಪೆನ್ನುವುದಿಲ್ಲ.

"ಗಂಗಮ್ಮ, ಒಡಪಿನಾಗ ಹೇಳಬಹುದಲ್ಲ?"

"ಒಡಪಿನಾಗ ಆದ್ರ ಅಡ್ಡಿ ಇಲ್ರಿ. ಆದ್ರ ಮಷಿನ್ನು ಒಡಪು ತಿಳೀತೈತೇನ್ರಿ?"

"ತಿಳಿಯಂಗಿಲ್ಲ. ಅದಕ್ಕ ಹೇಳಾಕತ್ತೀನಿ. ಸಾಲಿನ ಮೊದಲು ಒಂದು ಅರ್ಧವಿರಾಮದ ಚುಕ್ಕಿ ಹಾಕಿದ್ರ ಆ ಸಾಲನ್ನ ಅದು ಓದಂಗಿಲ್ಲ, ನಮ್ಮ ಟಿಪ್ಪಣಿ ಅಂತ ದಾಟಿ ಹೊಕ್ಕೈತಿ. ಒಡಪನ್ನ ಹಂಗ ಬರಿ. ಕೊನೇ ಮಾತು ಮಾತ್ರ ಸರ್ವರ್ ಸಾಲಿನಾಗ ಬೀಳಂಗ ಮಾಡು. ಮಷಿನ್ನು ಹೆಸರಷ್ಟ ಓದ್ಲಿ, ಒಡಪು ನಿನಗಿರ್ಲಿ."

ಆ ಕಡೆಯಿಂದ ಫೋನ್ ಇಟ್ಟ ಸದ್ದು ಬಂತು. ಅಷ್ಟರಲ್ಲಿ ಗೌಡರು ಕೋಣೆಯೊಳಗೆ ಬಂದು ಕೂತರು.

ಪರೀಕ್ಷೆಯ ಪದ್ಧತಿ ಗೌಡರದೇ. ಸರ್ವರಿನ ದಾಸ್ತಾನಿನಲ್ಲಿ ಪ್ರತಿ ಶಾಖೆಗೂ ಒಂದು ಸುಳ್ಳು ಮಾಲನ್ನು ಹಿಂದಿನ ಸಂಜೆಯೇ ತಾವು ತುಂಬಿಸಿಡುವುದು, ಶಾಖೆಯವರು ಅದನ್ನು ತೆರೆದು ನೋಡಿ ಫೋನಿನಲ್ಲಿ ಹೇಳುವುದು. ಇದಕ್ಕೆ ವಿರೂಪಾಕ್ಷಪ್ಪನವರು ಹೆಮ್ಮೆಯಿಂದ ಇನ್ನೊಂದು ಸೇರಿಸಿದ್ದರು: ಪರದೆಯ ಮೇಲ್ಭಾಗದಲ್ಲಿ ಕಾಣುವ ಸರ್ವರಿನ ಹೆಸರನ್ನೂ ಹೇಳಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಒಂದರ ಹಿಂದೆ ಒಂದು ಸರಿಯಾಗಿ ಹೇಳಿದವು. ಹನುಮಂತಪ್ಪ ಫೋನಿನಲ್ಲಿ "ಕೊಟ್ರೇಶ" ಎಂದು ಗುಡುಗಿದ್ದಕ್ಕೆ ಗೌಡರು ರಿಸೀವರನ್ನು ಕಿವಿಯಿಂದ ದೂರ ಹಿಡಿದರು.

ಹಡಗಲಿಯ ಸರದಿ ಬಂತು. ಸರ್ವರಿನ ಮೋಡೆಮ್ ಕಿರಗುಟ್ಟಿತು, ಹಡಗಲಿ ಎಂಬ ಸಾಲು ನನ್ನ ಪರದೆಯಲ್ಲಿ ಮೂಡಿತು. ನಾನು ಕುಣಿಯುವುದೊಂದು ಬಾಕಿ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಗೌಡರು ಎಲ್ಲರಿಗೂ ಕೇಳಿಸಲೆಂದು ಸ್ಪೀಕರ್ ಒತ್ತಿದರು.

"ಬದನಿಕಾಯಿ ಬೀಜ, ಒಂದು ಲಾರಿ ಲೋಡ್ ಅಂತ ಐತ್ರಿ ಯಜಮಾನ್ರ" ಎಂದಳು ಗಂಗಮ್ಮ.

ಸರಿಯಾಗಿತ್ತು. ಅಷ್ಟು ಬದನೆ ಬೀಜ ಬಿತ್ತಲು ಜಿಲ್ಲೆಯೇ ಸಾಲದು, ಆದರೆ ಗೌಡರು ತುಂಬಿದ್ದು ಅದನ್ನೇ.

"ಸರ್ವರ್ ಹೆಸರು?"

ಗಂಗಮ್ಮ ಬದನಿಕಾಯಿ ಬೀಜವನ್ನೇ ಇನ್ನೊಮ್ಮೆ ಹೇಳಿದಳು.

"ಹೆಸರು ಏನು ಬಂದೈತೆ ಹೇಳಮ್ಮ."

"ಹೇಳಾಕ ಬರಂಗಿಲ್ರಿ."

ಗೌಡರ ಹುಬ್ಬು ಮೇಲೇರಿತು. "ಬೆಳಿಗ್ಗೆಯಿಂದ ಈ ಸಾಬ್ರು ಹಡಗಲಿಗೆ ಫೋನ್ ಹಚ್ಚಿ ಕೂತಿದ್ರಂತೆ. ಬದನೆ ಬೀಜ ಹೇಳಿಕೊಟ್ಟಾರೆ, ಹೆಸರು ಹೇಳಿಕೊಡೋದು ಮರ್ತಾರೆ. ಅಷ್ಟೇ ಅಲ್ವೇನು?"

ನಾನು ವಿವರಿಸಲು ಬಾಯಿ ತೆರೆದೆ. "ಸುಮ್ನಿರ್ರಿ. ಆರೋಪಿ ಸಾಕ್ಷಿ ಹೇಳಂಗಿಲ್ಲ" ಎಂದರು. ಅಷ್ಟರಲ್ಲಿ ಸ್ಪೀಕರಿನಲ್ಲಿ ಇನ್ನೊಂದು ದನಿ ಬಂತು. ದುರುಗಪ್ಪ ಸೊಸೆಯ ಕೈಯಿಂದ ಫೋನ್ ಕಸಿದುಕೊಂಡಿದ್ದರು.

"ನಾ ಹೇಳ್ತೀನ್ರಿ ಗೌಡ್ರ. ಕೊಟ್ರೇಶ."

"ನೀನ್ಯಾರು?"

"ಜವಾನ್ರಿ."

"ಪರೀಕ್ಷೆ ಆಪರೇಟರಿಗೆ ಕಣಪ್ಪ, ಜವಾನನಿಗಲ್ಲ" ಎಂದು ಗೌಡರು ಪೆನ್ನು ತೆಗೆದರು. ಹಡಗಲಿಯ ಮುಂದೆ ಅಡ್ಡಗೆರೆ ಎಳೆಯಲು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆ ಪೆನ್ನನ್ನು ಕಿತ್ತುಕೊಂಡು ಓಡಿಹೋಗಲೇ ಅನ್ನಿಸಿತು. ಆಗ ಗಂಗಮ್ಮನ ದನಿ ಮತ್ತೆ ಬಂತು, ಈ ಸಲ ಗಟ್ಟಿಯಾಗಿ. ಅವಳು ಪರದೆಯ ಮೇಲಿದ್ದ ತನ್ನ ಫೈಲನ್ನು ಮೊದಲ ಸಾಲಿನಿಂದ ರಾಗ ಎಳೆದು ಓದುತ್ತಿದ್ದಳು.

"ಹಡಗಲಿ ಮಲ್ಲಿಗಿಗೆ ನಾರಿನ ಆಸರ,
ಮಾಗಳದ ಹೊಳಿಗೆ ದಂಡಿಯ ಆಸರ,
ಈ ಕುರ್ಚಿಮ್ಯಾಲ ಕುಂತಾಕಿಗೆ ಆಸರ ಯಾರ?
ಸರ್ವರ್ ಈಸ್ ಈಕ್ವಲ್ ಟು ಕೊಟ್ರೇಶ!"

ವಿರೂಪಾಕ್ಷಪ್ಪನವರು ಹಣೆಗೆ ಕೈ ಹಚ್ಚಿ, "ಅಯ್ಯೋ ಶಿವನೇ, ಮರ್ತೇಬಿಟ್ಟಿದ್ದೆ, ಗಂಡನ ಹೆಸರು ಕಣ್ರಿ ಗೌಡ್ರೇ!" ಎಂದು ಕೂಗಿದರು. ಗೌಡರಿಗೆ ಆಗ ತಿಳಿಯಿತು. ಮೊದಲು ಅವರ ಹೊಟ್ಟೆ ಕುಣಿಯಿತು, ಆಮೇಲೆ ಭುಜ, ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮೂವತ್ತು ವರ್ಷ ಆತು, ನಮ್ಮನೆಯಾಕೆ ನನ್ನ ಹೆಸರನ್ನ ಒಂದು ಸಲನೂ ಹಿಂಗೆ ಹೇಳಿಲ್ಲ" ಎನ್ನುತ್ತಾ ಹಡಗಲಿಯ ಮುಂದೆ "ಕಾಯಂ" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು. ನಾನು ಕುರ್ಚಿಯಲ್ಲಿ ಕುಸಿದು ಕೂತೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಚೆನ್ನಾಗಿ ನಡೆಯುವ ಫೈಲನ್ನೇ ಎಲ್ಲ ಕಡೆ ನಕಲು ಮಾಡುವುದು ನಮ್ಮ ಪದ್ಧತಿ. ವಿರೂಪಾಕ್ಷಪ್ಪನವರ ಆಜ್ಞೆಯಂತೆ ಹಡಗಲಿಯ ಫೈಲು ಉಳಿದ ಮೂರು ಊರಿಗೂ ಹೋಯಿತು. ಮೇಲಿನ ಮೂರು ಸಾಲನ್ನು ಅಳಿಸಿದರೆ ಎಲ್ಲಿ ಕನೆಕ್ಷನ್ ನಿಂತುಬಿಡುತ್ತದೋ ಎಂದು ಯಾರೂ ಅಳಿಸಲಿಲ್ಲ. ಹಾಗಾಗಿ ಕೂಡ್ಲಿಗಿಯ ಹನುಮಂತಪ್ಪ ಆ ಯಂತ್ರ ಇರುವವರೆಗೂ, ಅಷ್ಟು ದೊಡ್ಡ ಮೀಸೆ ಇಟ್ಟುಕೊಂಡು, ತನ್ನ ಫೈಲಿನಲ್ಲಿ ಗಂಡನ ಹೆಸರಿನ ಒಡಪು ಹೊತ್ತುಕೊಂಡೇ ಕೆಲಸ ಮಾಡಿದ.

ಆ ದಿನ ಗೌಡರು ಹೋದ ಮೇಲೂ ಹಡಗಲಿಯ ಲೈನು ಹಾಗೇ ಇತ್ತು. ನಾನು ರಿಸೀವರ್ ಎತ್ತಿ, ಕುರ್ಚಿ ನಿನ್ನದೇ ಆಯಿತು ಗಂಗಮ್ಮ ಎಂದೆ. ಅತ್ತ ಅವಳು ಅಳುತ್ತಿದ್ದಳು. ದುರುಗಪ್ಪ ಫೋನ್ ತೆಗೆದುಕೊಂಡರು. ಸೊಸೆ ತಮ್ಮೆದುರೇ ಹೆಸರು ಹೇಳಿದ್ದಕ್ಕೆ ಏನೆನ್ನುತ್ತಾರೋ ಎಂದು ನನಗೆ ಅಳುಕಿತ್ತು. ಅವರು ದನಿ ತಗ್ಗಿಸಿದರು.

"ಸಾಬ್ರ, ತನಗ ಆಸರ ನನ್ನ ಮಗ ಅಂತ ಹೇಳ್ಯಾಳ. ನಮ್ಮ ಮನ್ಯಾಗ ಯಾರಿಗೆ ಯಾರು ಆಸರ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಒಡಪು ಪೂರ್ತಿ ಸುಳ್ಳೈತ್ರಿ. ಆದ್ರ ಮಷಿನ್ನು ಒಪ್ಪಿಕೊಂಡೈತಿ, ನೀವೂ ಸುಮ್ನಿದ್ದುಬಿಡ್ರಿ."